ಹಗ್ಗ ಎಳೆದವನನ್ನು ಬೈಯುವಂತಿಲ್ಲ

"ಅಜ್ಜಿ ಹೋಗಿಬಿಟ್ಟರು" ಎಂದು ಹೇಳಿ ಕೃಷ್ಣಪ್ರಸಾದ ಕಿಟಕಿಯ ಸರಳನ್ನು ಹಿಡಿದುಕೊಂಡ. ಬಿಸಿಲಿಗೆ ಕಾದ ಸರಳು ಅಂಗೈಯನ್ನು ಚುರ್ರೆನ್ನಿಸಿತು. ಆದರೂ ಬಿಡಲಿಲ್ಲ. ದುಃಖದಲ್ಲಿರುವವನು ಕೈ ಸುಟ್ಟಿತೆಂದು ತಟ್ಟನೆ ಹಿಂದಕ್ಕೆ ತೆಗೆಯಲಾರ ಎಂದು ಆ ಗಳಿಗೆಯಲ್ಲಿ ಅವನಿಗೆ ತೋಚಿತು.

"ಯಾವ ಅಜ್ಜಿ ಸಾರ್?" ಒಳಗೆ ಮೇಜಿನ ಹಿಂದೆ ಕೂತಿದ್ದ ಹಾಸ್ಟೆಲ್ಲಿನ ಇನ್‌ಚಾರ್ಜ್ ಕಾಮೇಶ್ವರ ರಾವು ತಲೆಯೆತ್ತಿದರು. "ಆಗಸ್ಟಿನಲ್ಲಿ ಒಬ್ಬರು ಹೋದರಲ್ಲ?"

"ಅವರು ನನ್ನ ತಾಯಿ. ಇವರು ನನ್ನ ಹೆಂಡತಿಯ ತಾಯಿ."

"ಅಯ್ಯಯ್ಯೋ. ಒಂದೇ ವರ್ಷದಲ್ಲಿ ಇಬ್ಬರೂನಾ? ವಯಸ್ಸೆಷ್ಟಾಗಿತ್ತು?"

"ಎಪ್ಪತ್ತೆರಡು."

"ಆಗಸ್ಟಿನವರಿಗೂ ಎಪ್ಪತ್ತೆರಡೇ ಅಂದಿರಿ ಅಂತ ನೆನಪು."

"ಇಬ್ಬರೂ ಒಂದೇ ವಾರಿಗೆಯವರು" ಎಂದ.

ಕಾಮೇಶ್ವರ ರಾವು ಪೆನ್ನಿಗೆ ಮುಚ್ಚಳ ಹಾಕಿ, ಅವನ ಮುಖವನ್ನು ಮೀನು ಕೊಳ್ಳುವವರು ಕಣ್ಣು ನೋಡುವ ಹಾಗೆ ನೋಡಿದರು. ಆ ನೋಟಕ್ಕೆ ಕೃಷ್ಣಪ್ರಸಾದ ಸಿದ್ಧನಾಗಿಯೇ ಬಂದಿದ್ದ. ರೈಲಿನಲ್ಲಿ ತುನಿ ಸ್ಟೇಷನ್ ದಾಟಿದಾಗಿನಿಂದ ಮನಸ್ಸಿನಲ್ಲಿ ಅದನ್ನೇ ಎದುರಿಸುತ್ತಾ ಬಂದಿದ್ದ. ವಿಜಯವಾಡದ ಭವಾನಿಪುರದ ಈ ಹಾಸ್ಟೆಲ್ಲಿನಲ್ಲಿ ತಿಂಗಳ ಎರಡನೆಯ ಭಾನುವಾರ ಬಿಟ್ಟರೆ ತಂದೆತಾಯಿಗೆ ಮಕ್ಕಳ ಮುಖ ತೋರಿಸುವುದಿಲ್ಲ. ಜ್ವರಕ್ಕೆ ಬಿಡುವುದಿಲ್ಲ, ಮದುವೆಗೆ ಬಿಡುವುದಿಲ್ಲ. ಮನೆಯವರೊಬ್ಬರು ಸತ್ತರೆ ಮಾತ್ರ ಬಿಡುತ್ತಾರೆ. ಹಾಗಾಗಿ ಪರೀಕ್ಷೆಗಳ ನಡುವಿನ ದಿನಗಳಲ್ಲಿ ಕರಾವಳಿ ಆಂಧ್ರದ ತುಂಬ ಅಜ್ಜಿಯರು ಸಾಯುತ್ತಾರೆ. ಇದು ಕಾಮೇಶ್ವರ ರಾವುಗೂ ಗೊತ್ತು, ಕಾಮೇಶ್ವರ ರಾವುಗೆ ಗೊತ್ತು ಎಂಬುದು ತಂದೆಯಂದಿರಿಗೂ ಗೊತ್ತು. ಸಾವನ್ನು ಎದುರಿಗೆ ನಿಂತು ಸುಳ್ಳು ಎಂದು ಹೇಳುವುದಕ್ಕೆ ಮಾತ್ರ ಯಾರಿಗೂ ಬಾಯಿ ಬರುವುದಿಲ್ಲ. ಉಕ್ಕಿನ ಕಾರ್ಖಾನೆಯ ಊರಾದ ಗಾಜುವಾಕದಲ್ಲಿ ಹದಿನೆಂಟು ವರ್ಷ ಬಾಳಿದ ಮೇಲೆ ಕೃಷ್ಣಪ್ರಸಾದನ ತೆಲುಗು ಸುಳ್ಳು ಹೇಳುವಷ್ಟು ಚೆನ್ನಾಗಿತ್ತು. ಹಾಗೆ ನೋಡಿದರೆ ಅದರಲ್ಲೇ ಸುಳ್ಳು ಸಲೀಸು. ಭದ್ರಾವತಿಯ ಕನ್ನಡದಲ್ಲಿ ಅದೇ ಮಾತನ್ನು ಆಡು ಎಂದಿದ್ದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

"ಸಂಜೆಯವರೆಗೆ ಹೊರಗೆ ಕರೆದುಕೊಂಡು ಹೋಗಿ, ಸಮಾಧಾನ ಹೇಳಿ" ಎಂದರು ಕಾಮೇಶ್ವರ ರಾವು, ಕೊನೆಗೆ. "ಊರಿಗೆ ಕರೆದುಕೊಂಡು ಹೋಗಬೇಕಾದರೆ ಪ್ರಿನ್ಸಿಪಾಲರ ಸಹಿ ಬೇಕು. ಕೇಳಿ ನೋಡುತ್ತೇನೆ. ಮಾತು ಕೊಡಲಾರೆ."

ಕೃಷ್ಣಪ್ರಸಾದ ಕೈಮುಗಿದ. ಮುಗಿಯುವಾಗ ಅಂಗೈಯಲ್ಲಿ ಸರಳಿನ ಕೆಂಪು ಗೆರೆ ಕಂಡಿತು. ಮಗಳನ್ನು ಊರಿಗೆ ಕರೆದುಕೊಂಡು ಹೋಗುವುದಕ್ಕೇ ಅವನು ಬಂದಿದ್ದು. ಮೂರು ದಿನಕ್ಕಲ್ಲ. ಒಮ್ಮೆ ಅವಳು ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಮತ್ತೆ ಕಳಿಸುವುದಿಲ್ಲ ಎಂದು ನಿನ್ನೆ ಮಧ್ಯಾಹ್ನ, ಕಿಟಕಿಗೆ ಬೆಡ್‌ಶೀಟು ಕಟ್ಟಿ ಕತ್ತಲು ಮಾಡಿಕೊಂಡಿದ್ದ ಕೋಣೆಯಲ್ಲಿ, ಹಗಲುನಿದ್ದೆಯಲ್ಲಿ ಬಿದ್ದ ಕನಸಿಗೆ ಎಚ್ಚೆತ್ತು ಎದೆ ಹೊಡೆದುಕೊಳ್ಳುತ್ತಿರುವಾಗಲೇ ತೀರ್ಮಾನಿಸಿದ್ದ. ಗಾಜುವಾಕದಲ್ಲೇ ಕಾಲೇಜುಗಳಿವೆ. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಾಳೆ. ಸಂಜೆ ಚಪ್ಪಲಿ ಬಾಗಿಲಲ್ಲಿ ಇರುತ್ತದೆ. ಈ ತೀರ್ಮಾನವನ್ನು ಅವನು ಹೆಂಡತಿ ಉಮಾದೇವಿಗೂ ಹೇಳಿರಲಿಲ್ಲ.

ರಸ್ತೆಯಾಚೆ ಎಳನೀರಿನವನ ಗಾಡಿಯ ಕೆಳಗೆ ಅವನ ಚೀಲ ಕಾಯುತ್ತಿತ್ತು. ಸಾವಿನ ಸುದ್ದಿ ತರುವವನ ಕೈಯಲ್ಲಿ ಕೋಡುಬಳೆಯ ಡಬ್ಬಿ ಇರಬಾರದಲ್ಲ. ಕೋಡುಬಳೆ ಕರಿದುಕೊಟ್ಟವಳು ಆಗಸ್ಟಿನಲ್ಲಿ ತೀರಿಹೋದ ಅವನ ತಾಯಿ ಲೀಲಾವತಮ್ಮ. ತನ್ನನ್ನು ಸಾಯಿಸಿದ ಸಂಗತಿಯನ್ನು ಮೊಮ್ಮಗಳ ಬಾಯಿಂದಲೇ ಕೇಳಿ ಆಕೆ ಕೆಮ್ಮು ಬರುವಷ್ಟು ನಕ್ಕಿದ್ದಳು. "ಸುಳ್ಳು ಸುದ್ದಿ ಹಬ್ಬಿದ್ರೆ ಆಯಸ್ಸು ಗಟ್ಟಿಯಾಗುತ್ತಂತೆ ಕಣೋ ಕಿಟ್ಟ. ಇನ್ನೊಂದ್ ನಾಕು ಸಲ ಸಾಯ್ಸು, ನಿನ್ನ ಮಗಳ ಮದ್ವೆ ನೋಡ್ಕೊಂಡು ಹೋಗ್ತೀನಿ." ಬೇರೆ ಯಾವ ತಾಯಿಯಾದರೂ ಮುಖ ತಿರುಗಿಸುತ್ತಿದ್ದಳು. ಇವತ್ತು ಸರದಿ ಅತ್ತೆಯದು. ಶಿವಮೊಗ್ಗದಲ್ಲಿ ಆಕೆ ಈ ಹೊತ್ತಿಗೆ ಊಟ ಮುಗಿಸಿ ಟೀವಿಯ ಮುಂದೆ ತೂಕಡಿಸುತ್ತಿರಬೇಕು.

ಮೆಟ್ಟಿಲ ಮೇಲೆ ಹವಾಯಿ ಚಪ್ಪಲಿಯ ಸದ್ದಾಯಿತು. ಅವನು ಮೊದಲು ಪಾದ ನೋಡಿದ. ಎರಡೂ ಕಾಲಿನಲ್ಲಿ ಚಪ್ಪಲಿ ಇತ್ತು. ಆಮೇಲೆ ಬೆರಳಿನ ಮಸಿ, ಕುತ್ತಿಗೆಗೆ ಅಂಟಿದ ಕೂದಲು, ಕೊನೆಗೆ ಮುಖ. ಇಂಚರಾ ಒಂದು ಜಡೆ ಹೆಣೆದು ಇನ್ನೊಂದನ್ನು ಅರ್ಧಕ್ಕೇ ಬಿಟ್ಟು ಇಳಿದು ಬಂದಿದ್ದಳು. ಆ ಬಿಚ್ಚಿದ ಜಡೆ ಕಂಡು ಅವನು ಮತ್ತೊಮ್ಮೆ ಪಾದ ನೋಡಿದ, ಯಾಕೆಂದರೆ ಅವನಿಗೆ ಬೀಳುವ ಕನಸಿನಲ್ಲೂ ಅವಳದು ಒಂದೇ ಜಡೆ. ಆಗಸ್ಟಿನಲ್ಲಿ ಇದೇ ಮೆಟ್ಟಿಲ ಮೇಲೆ ಅವಳು "ಅಜ್ಜೀ" ಎಂದು ಕೂಗಿಕೊಂಡು ಕುಸಿದು ಕೂತಿದ್ದಳು. ಅವಳ ಮಂಡಿಯ ಚರ್ಮ ಕಿತ್ತು ರಕ್ತ ಬಂದಿತ್ತು. ಅದು ಸುಳ್ಳು ಎಂದು ಆಟೋದಲ್ಲಿ ಹೇಳಿದಾಗ ಅವಳು ಆ ಮಂಡಿಯನ್ನೇ ನೋಡುತ್ತಾ ಕೂತಿದ್ದಳು, ರೈಲು ಹೊರಟ ಮೇಲೂ. ಇವತ್ತು ಅವಳು ಅಳಲಿಲ್ಲ. ಹತ್ತಿರ ಬಂದು, ತುಟಿ ಅಲ್ಲಾಡಿಸದೆ, ಕನ್ನಡದಲ್ಲಿ ಕೇಳಿದಳು.

"ಯಾರು?"

"ಅಮ್ಮನ ಅಮ್ಮ."

"ನಿಜವಾಗ್ಲೂನಾ?"

ಕಾಮೇಶ್ವರ ರಾವು ಕಿಟಕಿಯಿಂದ ನೋಡುತ್ತಿದ್ದರು. ಕನ್ನಡದ 'ಇಲ್ಲ'ವನ್ನೂ ತಲೆ ಆಡಿಸುವುದನ್ನೂ ಯಾರು ಬೇಕಾದರೂ ಅರ್ಥ ಮಾಡಿಕೊಳ್ಳುತ್ತಾರೆ. ಕೃಷ್ಣಪ್ರಸಾದ ಅವಳ ಭುಜದ ಮೇಲೆ ಕೈಯಿಟ್ಟ. ಕೈಯ ಕೆಳಗೆ ಭುಜ ಗಟ್ಟಿಯಾಯಿತು. ಗೇಟು ದಾಟಿ, ವಾಚ್‌ಮನ್‌ನನ್ನು ಹಾದು, ರಸ್ತೆಯ ತಿರುವಿಗೆ ಬರುವವರೆಗೂ ಆ ಮುದುಕಿ ಅವಳ ಪಾಲಿಗೆ ಅರ್ಧ ಸತ್ತೇ ಇದ್ದಳು. ಅಷ್ಟು ದೂರವನ್ನೂ ಮಗಳು ಅವನ ಮುಖ ನೋಡದೆ ನಡೆದಳು, ಅವನು ಅವಳ ಕುತ್ತಿಗೆಯ ಬೆವರನ್ನು ನೋಡುತ್ತಾ ನಡೆದ, ಬೆವರು ಬರುತ್ತಿದೆ, ಬೆವರುತ್ತಿದ್ದಾಳೆ, ಎಂದು ಒಳಗೊಳಗೇ ಹೇಳಿಕೊಳ್ಳುತ್ತಾ. ತಾನು ಎಂಥ ಮನುಷ್ಯ ಎಂದೂ ಅದೇ ಹೊತ್ತಿಗೆ ಅನ್ನಿಸುತ್ತಿತ್ತು. ಎರಡೂ ಒಟ್ಟೊಟ್ಟಿಗೆ.

"ಚೆನ್ನಾಗಿದಾರೆ" ಎಂದ, ತಿರುವಿನಲ್ಲಿ. "ಏನೂ ಆಗಿಲ್ಲ."

ಇಂಚರಾ ನಿಂತಳು. ಉಸಿರನ್ನು ಬಾಯಿಂದ ಬಿಟ್ಟಳು. ಆಮೇಲೆ ತೆಲುಗಿನಲ್ಲಿ, ಜೋರಾಗಿ, ಎಳನೀರಿನವನಿಗೆ ಕೇಳುವ ಹಾಗೆ ಬೈದಳು. ಜಗಳಕ್ಕೆ ಅವಳಿಗೆ ತೆಲುಗೇ ಬೇಕು. ಹಸಿವಿಗೆ, ತಲೆನೋವಿಗೆ ಮಾತ್ರ ಕನ್ನಡ. ಅವನು ಬೈಸಿಕೊಳ್ಳುತ್ತಾ ಬಗ್ಗಿ ಗಾಡಿಯ ಕೆಳಗಿನಿಂದ ಚೀಲ ತೆಗೆದುಕೊಂಡ. ಇಷ್ಟು ಸಿಟ್ಟು ಬರಬೇಕಾದರೆ ಮೈಯಲ್ಲಿ ಎಷ್ಟು ಜೀವ ಇರಬೇಕು. ಎಳನೀರಿನವನು ನಕ್ಕು ಎರಡು ಕಾಯಿ ಕೆತ್ತಿದ.

ಕೃಷ್ಣೆಯ ದಡದ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವವರು ಹೋಗಿಯಾಗಿತ್ತು. ಸೋಪಿನ ನೊರೆ ಕಲ್ಲಿನ ಸಂದಿಯಲ್ಲಿ ಇನ್ನೂ ಒಡೆಯುತ್ತಿತ್ತು. ಎದುರಿಗೆ ಭವಾನಿ ದ್ವೀಪಕ್ಕೆ ಹೋಗುವ ದೋಣಿಯೊಂದು ಜನರಿಲ್ಲದೆ ಆಡುತ್ತಿತ್ತು. ಅವಳು ಮೇಲಿನ ಮೆಟ್ಟಿಲಲ್ಲಿ ಕೂರಲಿ ಎಂದು ಅವನು ಬಯಸಿದ. ಅವಳು ನೀರಿಗೆ ತೀರ ಹತ್ತಿರದ ಒಣ ಮೆಟ್ಟಿಲಿಗೆ ಹೋಗಿ ಕೂತಳು. ಅವನು ಅವಳಿಗಿಂತ ಇನ್ನೊಂದು ಮೆಟ್ಟಿಲು ಕೆಳಗೆ, ಅವಳಿಗೂ ನೀರಿಗೂ ನಡುವೆ ಕೂತ. ಪ್ಯಾಂಟಿನ ಅಂಚು ಒದ್ದೆಯಾಯಿತು. ಅವಳು ಅದನ್ನು ನೋಡಿದಳು. ಡಬ್ಬಿ ತೆಗೆದು ಅಕ್ಕಿರೊಟ್ಟಿಯನ್ನು ಮುರಿದಳು.

"ಇವತ್ತು ಮಧ್ಯಾಹ್ನ ಫಿಸಿಕ್ಸ್ ಟೆಸ್ಟ್ ಇತ್ತು" ಎಂದಳು.

"ನಂಗೆ ಗೊತ್ತಿರಲಿಲ್ಲ ಪುಟ್ಟಿ."

"ಆಗಸ್ಟಲ್ಲೂ ಗೊತ್ತಿರಲಿಲ್ಲ. ಆಗ ನಾಲ್ಕು ದಿನ ಹೋಗಿದ್ದಕ್ಕೆ ಟೆಸ್ಟ್ ತಪ್ಪಿತು ಅಂತ ಎ ಸೆಕ್ಷನ್‌ನಿಂದ ಸಿ ಸೆಕ್ಷನ್‌ಗೆ ಹಾಕಿದ್ರು. ಮೊನ್ನೆ ತಾನೇ ಬಿ ಸೆಕ್ಷನ್‌ಗೆ ಬಂದಿದೀನಿ." ಕೋಡುಬಳೆ ಕಡಿದಳು. "ಸತ್ತಿರೋ ಅಜ್ಜಿ ಉಪ್ಪು ಜಾಸ್ತಿ ಹಾಕಿದಾರೆ."

ಅವನಿಗೆ ನಗು ಬಂತು, ನಗಬಹುದೋ ಇಲ್ಲವೋ ತಿಳಿಯಲಿಲ್ಲ.

"ಹಾಸ್ಟೆಲ್ಲಲ್ಲಿ ನನ್ನ ಹೆಸರೇನು ಗೊತ್ತಾ ಈಗ? ನಾನಮ್ಮ." ತೆಲುಗಿನಲ್ಲಿ ಅಪ್ಪನ ಅಮ್ಮನಿಗೆ ಹಾಗನ್ನುತ್ತಾರೆ. "ಮೆಸ್ಸಲ್ಲಿ ಸಾರು ಬಡಿಸೋಳೂ ಹಾಗೇ ಕರೀತಾಳೆ. 'ನಾನಮ್ಮಾ, ಇನ್ನೊಂಚೂರು ಹಾಕ್ಲಾ' ಅಂತ. ಇವತ್ತಿಂದ ಅಮ್ಮಮ್ಮ ಅಂತಾರೆ ನೋಡ್ತಿರು. ಅದು ಹೋಗ್ಲಿ. ನಾಳೆ ನಿಜವಾಗಿ ಯಾರಾದ್ರೂ ಸತ್ರೆ ನಾನು ನಂಬಲ್ಲ ಅಪ್ಪ. ನೀನು ಬಂದು ಹೇಳ್ತೀಯ, ನಾನು ಕೋಡುಬಳೆ ಎಲ್ಲಿ ಅಂತೀನಿ."

ದೋಣಿ ಹಗ್ಗದ ಉದ್ದಕ್ಕೆ ಹೋಗಿ ಮತ್ತೆ ದಡಕ್ಕೆ ಬಂತು. ಕೃಷ್ಣಪ್ರಸಾದನ ಕಣ್ಣು ಅದರ ಜೊತೆಗೇ ಹೋಗಿ ಬಂತು. ಹೇಳಿಬಿಡಬೇಕು ಎಂದುಕೊಂಡ. ಕನಸು ಬೀಳುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಏನು ಕನಸು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹೋದ ವರ್ಷ ಜೂನ್‌ನಲ್ಲಿ ಅವಳ ಟ್ರಂಕನ್ನು ಈ ಹಾಸ್ಟೆಲ್ಲಿನ ಮೂರನೇ ಮಹಡಿಗೆ ಹೊತ್ತು ಇಟ್ಟು ಬಂದ ವಾರವೇ ಶುರುವಾಗಿತ್ತು. ರಾತ್ರಿ ಬೀಳುವುದಿಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗುವ ವಾರಗಳಲ್ಲಿ, ಹೊರಗೆ ತರಕಾರಿಯವಳು ಕೂಗುತ್ತಿರುವಾಗ, ಪಕ್ಕದ ಫ್ಲಾಟಿನ ಮಕ್ಕಳು ಮೆಟ್ಟಿಲಿಳಿಯುತ್ತಿರುವಾಗ ಬೀಳುತ್ತದೆ. ಎದ್ದರೆ ಬೆಳಕು ಇರುತ್ತದೆ. ಬೆಳಕಿನಲ್ಲಿ ಹೆದರಿ ಎದ್ದ ಗಂಡಸಿಗೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ. ಉಮಾದೇವಿ ಬಾಗಿಲಲ್ಲಿ ನಿಂತು "ನೀರು ಕೊಡ್ಲಾ ರೀ?" ಎನ್ನುತ್ತಿದ್ದಳು. ಅಷ್ಟೇ. ಯಾಕೆ ಕೇಳುವುದಿಲ್ಲ ಇವಳು, ಇವಳಿಗೆ ಬೇಡವೇ, ಎಂದು ಅವನು ನೀರು ಕುಡಿಯುತ್ತಾ ಸಿಟ್ಟಾಗುತ್ತಿದ್ದ. ಮೊದಮೊದಲು ಹಾಸ್ಟೆಲ್ಲಿಗೆ ಫೋನು ಮಾಡುತ್ತಿದ್ದ. ಕ್ಲಾಸಿನಲ್ಲಿದ್ದಾಳೆ ಸಾರ್, ಕರೆಯುವಂತಿಲ್ಲ, ಎನ್ನುತ್ತಿದ್ದರು. ಕ್ಲಾಸಿನಲ್ಲಿದ್ದಾಳೆ ಎಂಬುದನ್ನು ಅವರು ನೋಡಿ ಹೇಳಿದರೋ ನೋಡದೆ ಹೇಳಿದರೋ ಎಂದು ಅವನು ರಿಸೀವರ್ ಹಿಡಿದುಕೊಂಡೇ ನಿಂತಿರುತ್ತಿದ್ದ.

"ನಿಂಗೆ ಆರು ವರ್ಷ" ಎಂದ, ನೀರಿನ ಕಡೆಗೆ ತಿರುಗಿ. "ಕನಸಲ್ಲಿ. ನಾನು ಡ್ಯೂಟಿಲಿದೀನಿ. ಕಂಟ್ರೋಲ್ ರೂಮಲ್ಲಿ. ಬೆಲ್ಟ್ ಮೇಲೆ ನೀನು ಕೂತಿದೀಯ."

ಬೆಲ್ಟು ಎಂದರೆ ಅವಳಿಗೆ ಗೊತ್ತು. ಅವನ ಕಾರ್ಖಾನೆಯಲ್ಲಿ ಬಂದರಿನಿಂದ ಬಂದ ಕಲ್ಲಿದ್ದಲನ್ನು ಕುಲುಮೆಯ ಕಡೆಗೆ ಒಯ್ಯುವ ಕನ್ವೇಯರ್ ಬೆಲ್ಟುಗಳು ಊರ ರಸ್ತೆಗಳಷ್ಟು ಉದ್ದ. ಅವುಗಳನ್ನು ಓಡಿಸುವುದು, ನಿಲ್ಲಿಸುವುದು ಅವನ ಕೆಲಸ. ಚಿಕ್ಕವಳಿದ್ದಾಗ ಊಟಕ್ಕೆ ಕೂತರೆ ಬೆಲ್ಟಿನ ಕಥೆಯನ್ನೇ ಕೇಳುತ್ತಿದ್ದಳು.

"ಚಕ್ಕಳ ಮಕ್ಕಳ ಹಾಕ್ಕೊಂಡು ಕೂತಿರ್ತೀಯ. ಒಂದು ಜಡೆ ಬಿಚ್ಚಿರುತ್ತೆ. ಒಂದು ಕಾಲಲ್ಲಿ ಚಪ್ಪಲಿ ಇರಲ್ಲ, ಅದನ್ನ ಹುಡುಕ್ತಿರ್ತೀಯ. ನಾನು ಗಾಜಿನಿಂದ ನೋಡ್ತಿರ್ತೀನಿ, ನೀನು ಅಂತ ಗೊತ್ತಿರುತ್ತೆ, ಆದ್ರೂ ಕೈ ಬಟನ್ ಒತ್ತುತ್ತೆ. ಸೈರನ್ ಆಗುತ್ತೆ." ಬೆಲ್ಟು ಓಡುವ ಮೊದಲು ಸ್ವಲ್ಪ ಹೊತ್ತು ಸೈರನ್ ಕೂಗುತ್ತದೆ, ಹತ್ತಿರ ಇದ್ದವರು ಸರಿಯಲಿ ಎಂದು. "ನೀನು ಸರಿಯಲ್ಲ. ತಲೆ ಎತ್ತಿ ನಗ್ತೀಯ. ಯಾಕಂದ್ರೆ..."

ಅವಳು ನಿಜವಾಗಿ ಆರು ವರ್ಷದವಳಾಗಿದ್ದಾಗ ಶಿಫ್ಟು ಬಿಡುವ ಸೈರನ್ ಕೇಳಿದ ಕೂಡಲೇ ಎಲ್ಲಿದ್ದರೂ ಎದ್ದು ಗೇಟಿಗೆ ಓಡುತ್ತಿದ್ದಳು, ಅಪ್ಪ ಬರುತ್ತಾನೆ ಎಂದು, ಎಷ್ಟೋ ಸಲ ಒಂದೇ ಚಪ್ಪಲಿಯಲ್ಲಿ. ಕನಸಿನ ಹುಡುಗಿಗೆ ಎರಡು ಸೈರನ್‌ಗಳ ವ್ಯತ್ಯಾಸ ತಿಳಿಯುವುದಿಲ್ಲ. ಅಪ್ಪ ಬರುತ್ತಿದ್ದಾನೆಂದು ನಗುತ್ತಾಳೆ.

"ಅಪ್ಪ ಮನೆಗೆ ಬಂದ ಅಂತ" ಎಂದಳು ಇಂಚರಾ. ಮೆಲ್ಲಗೆ. ಅವಳಿಗೆ ನೆನಪಿತ್ತು.

ಅವನು ತಲೆಯಾಡಿಸಿದ. ಬೆನ್ನು ಅವಳ ಕಡೆಗಿತ್ತು, ಅಷ್ಟು ಅನುಕೂಲ.

"ಆಮೇಲೆ?"

"ಆಮೇಲೆ ಎಚ್ಚರ ಆಗುತ್ತೆ."

"ಬೆಲ್ಟ್ ಓಡುತ್ತಾ?"

"ಇಲ್ಲ."

"ಒಂದ್ ಸಲಾನೂ ಓಡಿಲ್ವಾ?"

ಅವನು ಯೋಚಿಸಿದ. ಇದನ್ನು ಅವನು ಯಾವತ್ತೂ ತನ್ನನ್ನೇ ಕೇಳಿಕೊಂಡಿರಲಿಲ್ಲ. ಸೈರನ್, ನಗು, ಕಿಟಕಿಯ ಬೆಡ್‌ಶೀಟು, ಒದ್ದೆ ದಿಂಬು. ಅದರ ನಡುವೆ ಎಲ್ಲೂ ರೋಲರುಗಳ ಸದ್ದು ಇರಲಿಲ್ಲ. ಆ ಸದ್ದನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲ. "ಇಲ್ಲ" ಎಂದ. "ಒಂದ್ ಸಲಾನೂ ಇಲ್ಲ."

"ಹಾಗಾದ್ರೆ ಪ್ರತಿ ಸಲ ಯಾರೋ ಹಗ್ಗ ಎಳೀತಿದಾರೆ" ಎಂದಳು ಮಗಳು, ರೊಟ್ಟಿ ಅಗಿಯುತ್ತಾ, ಲೆಕ್ಕದ ಉತ್ತರ ಹೇಳುವ ದನಿಯಲ್ಲಿ.

ಬೆಲ್ಟಿನ ಎರಡೂ ಬದಿಗೆ ಅದರ ಉದ್ದಕ್ಕೂ ಒಂದು ಹಗ್ಗ ಹೋಗಿರುತ್ತದೆ. ಯಾರು ಎಲ್ಲಿ ನಿಂತು ಎಳೆದರೂ ಬೆಲ್ಟು ನಿಲ್ಲುತ್ತದೆ. ಕಂಟ್ರೋಲ್ ರೂಮಿನಲ್ಲಿ ಕೂತವನು ಎಷ್ಟು ಬಟನ್ ಒತ್ತಿದರೂ ಮತ್ತೆ ಓಡುವುದಿಲ್ಲ. ಎಳೆದ ಜಾಗಕ್ಕೇ ಹೋಗಿ ನೋಡಿ ಸರಿಪಡಿಸಬೇಕು. ಮತ್ತೆ ಅಲ್ಲಿನ ಮೊದಲ ಕಟ್ಟಳೆ, ಹೊಸದಾಗಿ ಸೇರಿದವನಿಗೆ ಎಲ್ಲಕ್ಕಿಂತ ಮುಂಚೆ ಹೇಳಿಕೊಡುವುದು: ಹಗ್ಗ ಎಳೆದವನನ್ನು ಯಾಕೆ ಎಳೆದೆ ಎಂದು ಯಾರೂ ಬೈಯುವಂತಿಲ್ಲ. ದಾವಣಗೆರೆಯ ಓಂಕಾರಪ್ಪ ಒಮ್ಮೆ ಬೆಲ್ಟಿನ ಮೇಲೆ ಮನುಷ್ಯ ಮಲಗಿದ್ದಾನೆಂದು ಹಗ್ಗ ಎಳೆದ. ಓಡಿ ಹೋಗಿ ನೋಡಿದರೆ ಗೋಣಿಚೀಲ. ಕಲ್ಲಿದ್ದಲು ಎಲ್ಲಿ ಎಂದು ಕುಲುಮೆಯವರು ಫೋನಿನಲ್ಲಿ ಬೊಬ್ಬೆ ಹೊಡೆಯುತ್ತಿದ್ದರು. ಸೆಕ್ಷನ್ನಿನ ಮುಖ್ಯಸ್ಥರು ಮಾತ್ರ ಓಂಕಾರಪ್ಪನಿಗೆ ಚಹಾ ತರಿಸಿ ಕೊಟ್ಟು, ಒಳ್ಳೇ ಕೆಲಸ ಮಾಡಿದೆ ಎಂದರು. ಅಂದಿನಿಂದ ಅವನು ಗೋಣಿ ಓಂಕಾರಪ್ಪ. ಈ ಕಥೆಯನ್ನು ಇಂಚರಾ ಎಷ್ಟು ಸಲ ಹೇಳಿಸಿಕೊಂಡಿದ್ದಳೋ.

ಯಾರೋ ಹಗ್ಗ ಎಳೆಯುತ್ತಿದ್ದಾರೆ. ಕೃಷ್ಣಪ್ರಸಾದ ಆ ಮಾತನ್ನು ಬಾಯೊಳಗೆ ತಿರುಗಿಸಿದ. ಬಟನ್ ಒತ್ತುವ ಕೈ ಯಾರದು ಎಂದು ಕೇಳಿಕೊಂಡೇ ಇಷ್ಟು ದಿನ ಕಳೆದಿದ್ದ, ಆ ಕೈಯಿಂದಲೇ ಊಟ ಮಾಡಲು ಹೇಸಿದ್ದ. ನಿಲ್ಲಿಸುವ ಕೈಯೊಂದು ಇದೆ ಎಂದು ಹೊಳೆದಿರಲಿಲ್ಲ. ಅದೂ ಅವನೊಳಗೇ ಎಲ್ಲೋ ಕತ್ತಲಲ್ಲಿ, ಬೆಲ್ಟಿನ ಪಕ್ಕದಲ್ಲಿ, ನಿದ್ದೆ ಮಾಡದೆ ನಿಂತಿತ್ತು. ಒಂದು ದಿನವೂ ತಡ ಮಾಡಿರಲಿಲ್ಲ. ಅವನಿಗೆ ಆ ಕಾಣದ ಕೆಲಸಗಾರನಿಗೆ ಒಂದು ಲೋಟ ಚಹಾ ತರಿಸಿ ಕೊಡಬೇಕೆನ್ನಿಸಿತು. ನದಿಯ ಮೇಲಿನಿಂದ ಗಾಳಿ ಬಂತು. ಒದ್ದೆ ಪ್ಯಾಂಟು ಕಾಲಿಗೆ ತಣ್ಣಗೆ ಅಂಟಿತು.

"ಹಗ್ಗ ಎಳೆಯೋರ ಲೆಕ್ಕದಲ್ಲಿ ಅಮ್ಮನ್ನ ಬಿಟ್ಬಿಟ್ಟೆ ನೀನು" ಎಂದಳು ಇಂಚರಾ. "ಅಮ್ಮ ಯಾಕೆ ಕುಕ್ಕರ್ ಇಡಲ್ಲ, ಗೊತ್ತಾ?"

"ಯಾವಾಗ?"

"ನೈಟ್ ಶಿಫ್ಟ್ ವಾರದಲ್ಲಿ. ನೀನು ಮಲಗಿರುವಾಗ. ದಸರಾ ರಜೆಗೆ ಬಂದಾಗ ನೋಡಿದೆ. ಪಾತ್ರೆಯಲ್ಲಿ ಅನ್ನ ಮಾಡಿ ಗಂಜಿ ಬಸೀತಿದ್ಲು. ಬೇಳೆನೂ ಹಾಗೇ, ಎರಡು ಗಂಟೆ ಬೇಯಿಸ್ತಾಳೆ. ಕುಕ್ಕರ್ ಕೆಟ್ಟಿದ್ಯಾ ಅಂದೆ. ಇಲ್ವೆ, ವಿಷಲ್ ಆದ್ರೆ ನಿಮ್ಮಪ್ಪ ನಿದ್ದೇಲಿ ಬೆಚ್ಚಿ ಬೀಳ್ತಾರೆ, ಯಾಕೋ ಗೊತ್ತಿಲ್ಲ ಅಂದ್ಲು."

ಯಾಕೋ ಗೊತ್ತಿಲ್ಲ. ಅವನು ಎಷ್ಟೋ ತಿಂಗಳಿಂದ ಬಸಿದ ಅನ್ನ ಉಣ್ಣುತ್ತಿದ್ದ. ಒಂದು ದಿನ ಬೇಳೆ ನುರಿದಿಲ್ಲ ಎಂದು ತಟ್ಟೆ ಸರಿಸಿದ್ದ. ಉಮಾದೇವಿ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ತಂದು ತುಪ್ಪ ಹಾಕಿದ್ದಳು. ನಿನ್ನೆ ಅವನನ್ನು ಬೆಚ್ಚಿಸಿ ಎಬ್ಬಿಸಿದ ವಿಷಲ್ ಪಕ್ಕದ ಫ್ಲಾಟಿನದಿರಬೇಕು. ಕೇಳದೆ ಇರುವುದು ಬೇಡವಾಗಿರುವುದಲ್ಲ ಎಂದು ತಿಳಿಯುವುದಕ್ಕೆ ಮನುಷ್ಯ ವಿಜಯವಾಡದ ಮೆಟ್ಟಿಲ ಮೇಲೆ ಬಂದು ಕೂರಬೇಕಾಯಿತು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಒರೆಸಿದಷ್ಟೂ ಮಸುಕಾಯಿತು.

"ಮನೆಗೆ ಬಂದ್ಬಿಡು ಪುಟ್ಟಿ" ಎಂದ. ನಿನ್ನೆಯಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ತಾನಾಗಿ ಹೊರಬಿತ್ತು, ಕನಸಿನ ಕೈಯ ಹಾಗೆ. "ಗಾಜುವಾಕದಲ್ಲಿ ಸೇರಿಸ್ತೀನಿ. ಈಗಲೇ. ರಾವುಗಾರು ರಜೆ ಕೇಳ್ತಿದಾರೆ. ಸಂಜೆ ರೈಲಿದೆ. ಆಮೇಲೆ ಬಂದು ಟ್ರಂಕು ತಗೊಂಡು ಹೋಗ್ತೀನಿ."

ಅವಳು ಅರ್ಧ ಜಡೆಯನ್ನು ಮುಂದಕ್ಕೆ ತಂದುಕೊಂಡು ಪೂರ್ತಿ ಹೆಣೆದು ಬ್ಯಾಂಡು ಹಾಕಿದಳು.

"ಇಲ್ಲಿ ನಂಗೆ ಹೆದರಿಕೆ ಆಗಲ್ಲ ಅಪ್ಪ. ಟೆರೇಸ್ ಮೇಲೆ ಬಟ್ಟೆ ಒಣಗಿಸಕ್ಕೆ ಹೋದ್ರೆ ಈ ದೋಣಿ ಎಲ್ಲಾ ಕಾಣುತ್ತೆ. ಮನೇಲೇ ಆಗೋದು. ನೀನು ನನ್ನ ಕಾಲು ನೋಡ್ತೀಯಲ್ಲ, ಬಂದ ತಕ್ಷಣ. ಆಗ ನಾನೂ ನೋಡ್ಕೋತೀನಿ. ಏನಾಗಿದೆ ನಂಗೆ ಅಂತ."

ತಾನು ಕಾಲು ನೋಡುವುದು ಅವಳಿಗೆ ಗೊತ್ತಿಲ್ಲವೆಂದುಕೊಂಡಿದ್ದ.

"ಹಗ್ಗ ಎಳೆದವರನ್ನ ಬೈಯಬಾರದು. ಸರಿ, ನಾನು ಬೈಯಲ್ಲ. ಎಳನೀರಿನ ಹತ್ರ ಬೈದಿದ್ದು ಬಿಡು, ಅದು ತೆಲುಗಲ್ಲಿ. ಆದ್ರೆ ಪ್ರತಿ ಸಲ ನಿಲ್ಲೋದು ನನ್ನ ಬೆಲ್ಟು ಅಪ್ಪ." ಡಬ್ಬಿ ಮುಚ್ಚಿದಳು. "ನಿಂತ ಮೇಲೆ ನೀನು ಮನೆಗೆ ಹೋಗ್ತೀಯ. ಮತ್ತೆ ಓಡಿಸಬೇಕಾದೋಳು ನಾನು."

ಅದನ್ನು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು. ಬಗ್ಗಿ ನದಿಯಲ್ಲಿ ಕೈ ತೊಳೆದಳು. ಬಗ್ಗುವಾಗ ಅವನ ಭುಜವನ್ನೇ ಆಧಾರಕ್ಕೆ ಹಿಡಿದುಕೊಂಡಳು. ಅವಳ ಇಡೀ ಭಾರ ಒಂದು ಕ್ಷಣ ಆ ಭುಜದ ಮೇಲೆ ಬಿತ್ತು. ಕನಸಿನ ಹುಡುಗಿಗೆ ಭಾರವಿರಲಿಲ್ಲ. ಇವಳು ಮೂಳೆ ನೋಯುವಷ್ಟು ಭಾರವಿದ್ದಳು, ಹದಿನಾರು ವರ್ಷದ ಅನ್ನ, ಬಸಿದದ್ದೂ ಬಸಿಯದ್ದೂ. ಅವನು ಹಲ್ಲು ಕಚ್ಚಿಕೊಂಡು ಅಲ್ಲಾಡದೆ ಕೂತ, ಇನ್ನೊಂದು ಚೂರು ಹೊತ್ತು ಕೈ ತೊಳೆಯಲಿ ಎಂದು.

ವಾಪಸು ಬರುವಾಗ ಅವಳು ಕೋಡುಬಳೆಯನ್ನೆಲ್ಲ ಒಂದು ಪೇಪರಿನಲ್ಲಿ ಸುತ್ತಿಕೊಂಡಿದ್ದಳು, ರೂಮಿನವರಿಗೆ. ಮುಚ್ಚಿಟ್ಟುಕೋ ಎಂದು ಗೇಟಿನ ಹತ್ತಿರ ಹೇಳಬೇಕೆಂದುಕೊಂಡ, ಹೇಳಲಿಲ್ಲ. ಎಣ್ಣೆ ಪೇಪರಿನಾಚೆ ಬಂದು ಅವಳ ಬೆರಳುಗಳು ಮಿಂಚುತ್ತಿದ್ದವು. ರಜೆ ಸಿಕ್ಕಿರಬಾರದು ಎಂದೂ ಸಿಕ್ಕಿರಲಿ ಎಂದೂ ಹೆಜ್ಜೆಗೊಂದು ಸಲ ಅನ್ನಿಸುತ್ತಿತ್ತು.

ಕಾಮೇಶ್ವರ ರಾವು ಕಿಟಕಿಯ ಹಿಂದೆ ಇರಲಿಲ್ಲ. ಅವರು ಅಂಗಳಕ್ಕೇ ಬಂದು ನಿಂತಿದ್ದರು, ಕೈಯಲ್ಲಿ ಸಹಿಯಾದ ಚೀಟಿ. ಆಗಿನ ಮೀನುಕೊಳ್ಳುವ ಕಣ್ಣು ಈಗ ಇರಲಿಲ್ಲ. ಅವರು ತಲೆ ಬಾಚಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಬಂದಿದ್ದರು, ಸಾವಿನ ಮನೆಗೆ ಹೋಗುವವರ ಹಾಗೆ.

"ಪ್ರಿನ್ಸಿಪಾಲರು ಒಪ್ಪಲೇ ಇಲ್ಲ ಸಾರ್" ಎಂದರು. "ಎರಡನೇ ಅಜ್ಜಿ ಅಂದರೆ ನಗುತ್ತಾರೆ. ನಾನು ಬಿಡಲಿಲ್ಲ. ಆ ಮನುಷ್ಯನ ಮುಖ ನೋಡಿದ್ದೇನೆ, ಅದು ಸುಳ್ಳು ಹೇಳುವವರ ಮುಖ ಅಲ್ಲ ಅಂದೆ. ಹನ್ನೊಂದನೇ ದಿನ ಮುಗಿಯುವವರೆಗೂ ರಜೆ." ಚೀಟಿಯನ್ನು ಇಂಚರಾಳ ಕಡೆ ಹಿಡಿದರು. "ಹೋಗಿ ಬಾ ಅಮ್ಮಾ. ನಮ್ಮಮ್ಮ ಹೋದಾಗ ನನಗೆ ಒಂದು ದಿನವೂ ಕೊಟ್ಟಿರಲಿಲ್ಲ. ಆಗ ನಾನು ಇನ್ನೊಂದು ಹಾಸ್ಟೆಲ್ಲಿನಲ್ಲಿದ್ದೆ."

ಕೃಷ್ಣಪ್ರಸಾದನ ಕೈ ಮುಂದಕ್ಕೆ ಹೋಯಿತು. ತಾನಾಗಿಯೇ ಹೋಯಿತು. ಅದನ್ನು ಅವನು ಗಾಜಿನ ಆಚೆಯಿಂದ ನೋಡುವವನ ಹಾಗೆ ನೋಡಿದ, ಕೆಂಪು ಗೆರೆಯಿದ್ದ ತನ್ನದೇ ಅಂಗೈ, ಚೀಟಿಯಿಂದ ಒಂದು ಗೇಣು ದೂರದಲ್ಲಿ. ಪಕ್ಕದಲ್ಲಿ ಇಂಚರಾ ಎರಡೂ ಕೈಗಳನ್ನು, ಕೋಡುಬಳೆಯ ಪೊಟ್ಟಣದ ಸಮೇತ, ಬೆನ್ನ ಹಿಂದಕ್ಕೆ ತೆಗೆದುಕೊಂಡಳು. ಆ ಕೈಗಳು ಹಿಂದೆ ಹೋದ ರೀತಿಯಲ್ಲೇ ಅವಳು ಏನು ಹೇಳುತ್ತಾಳೆಂದು ಅವನಿಗೆ ತಿಳಿಯಿತು. ಈ ಒಳ್ಳೆಯ ಮನುಷ್ಯನ ಎದುರು ಇನ್ನೊಂದು ಕ್ಷಣದಲ್ಲಿ ತನ್ನ ಮಾನ ಹೋಗಲಿದೆ ಎಂದೂ ತಿಳಿಯಿತು. ಕಿವಿ ಬಿಸಿಯಾಯಿತು. ಆದರೆ ಎದೆ ಹೊಡೆದುಕೊಳ್ಳಲಿಲ್ಲ. ಎಷ್ಟೋ ತಿಂಗಳ ನಂತರ ಅದು ನಿಧಾನವಾಗಿ, ತನ್ನ ಪಾಡಿಗೆ ತಾನು ಬಡಿಯುತ್ತಿತ್ತು. ಹೇಳು, ಎಂದು ಅವನು ಮನಸ್ಸಿನಲ್ಲೇ ಅಂದ. ಹೇಳು ನನ್ನ ತಾಯಿ.

"ವದ್ದು ಸಾರ್" ಎಂದಳು ಇಂಚರಾ. ಬೇಡ ಎಂಬುದಷ್ಟೇ ತೆಲುಗಿನಲ್ಲಿ. ಆಮೇಲೆ, ಇಬ್ಬರಿಗೂ ಅರ್ಥವಾಗುವಷ್ಟು ನಿಧಾನವಾಗಿ, ಕನ್ನಡದಲ್ಲಿ: "ನಾನು ಹೋಗಲ್ಲ. ನಮ್ಮ ಅಜ್ಜಿಯರು ಇಬ್ಬರೂ ಚೆನ್ನಾಗಿದಾರೆ."